ಬಾಯಲ್ಲಿ ಆರು ಪಿನ್ನು

ಆಗಸ್ಟ್ 4, ಸೋಮವಾರ. ಸಂಜೆ
ಎರಡು ಪ್ಯಾಂಟ್ ಮಡಚಿ ಹೊಲಿದೆ. ಒಂದು ಜಿಪ್ ಬದಲಾಯಿಸಿದೆ. ಪಕ್ಕದಂಗಡಿ ಇಸ್ತ್ರಿಯವನ ಹೊಸ ಪ್ಯಾಂಟಿನ ಒಂದು ಕಾಲಿನ ತುದಿಯನ್ನು ಹೊಲಿದು ಮುಚ್ಚಿ ಟ್ರಯಲ್‌ಗೆ ಕೊಟ್ಟೆ. ಪರದೆ ಹಿಂದೆ ಒಂಟಿಕಾಲಲ್ಲಿ ಕುಣಿದ. "ನಿಮ್ ವಯಸ್ಸಿಗೆ ಮರ್ಯಾದೆ ಕೊಡ್ತೀನಿ ಮಾಸ್ಟ್ರೇ, ಬುದ್ಧಿಗಲ್ಲ," ಅಂದ. ಎಪ್ಪತ್ತೆರಡಕ್ಕೆ ಇಷ್ಟು ಸುಖ ಸಾಕು.
ಮೊಮ್ಮಗಳ ಯೂನಿಫಾರ್ಮಿನ ತೋಳಿನ ಗುಂಡಿ ಮತ್ತೆ ಮಾಯ. ಮೂರನೆಯದು. "ಏನೇ ಗುಂಡಿ, ನಿನ್ನ ಬಳಗನೇ ತಿಂತಿದ್ದೀಯಾ?" ಅಂದೆ. ಹುಟ್ಟಿದಾಗ ಗುಂಡಗೆ ಗುಂಡಿಯ ಹಾಗೇ ಇದ್ದಳು, ಆಗ ನಾನಿಟ್ಟ ಹೆಸರು. ಈಗ ಒಂಬತ್ತು ವರ್ಷ.
ನಗಲಿಲ್ಲ. "ಉದುರ್ತು ತಾತ." ಅಷ್ಟೇ.

ಆಗಸ್ಟ್ 6
ಇನ್ನೊಂದು. ಕಾಲರಿನದು. ನಾನೇ ನಾಲ್ಕೆಳೆ ದಾರದಲ್ಲಿ ಹಚ್ಚಿದ್ದು... ಕನ್ನಡಕ ಹಾಕಿ ನೋಡಿದೆ. ಎಳೆದು ಕಿತ್ತದ್ದಾದರೆ ದಾರದ ತುದಿ ನಾರುನಾರಾಗಿರಬೇಕು. ಇದು ಚೊಕ್ಕವಾಗಿದೆ. ಬ್ಲೇಡು.
ಐವತ್ತು ವರ್ಷ ಕತ್ತರಿ ಹಿಡಿದವನಿಗೆ ಮೂರು ಸಲ ಗೊತ್ತಾಗಲಿಲ್ಲ. ಅಳತೆಯಲ್ಲಿ ಗಟ್ಟಿಗ, ಅಳು ಮಾತ್ರ ಕಾಣಲಿಲ್ಲ.
"ಯಾರೇ ಕತ್ತರಿಸಿದ್ದು?"
"ಹೇಳಿದ್ರೆ ಜೋಕ್ ಮಾಡ್ತೀಯ."
"ಇಲ್ಲ ಕಣೇ. ಮಾಡಿದ್ರೆ ನನ್ನ ಅರ್ಧ ಮೀಸೆ—"
"ನೋಡು, ಶುರುವಾಯ್ತು."
ಎದ್ದು ಹೋದಳು. ತಪ್ಪೇನು ಹೇಳಿದಳು? ಈ ಮನೆಯಲ್ಲಿ ಯಾರು ಯಾವ ದುಃಖ ತಂದರೂ ನಗುವಿನ ಲೈನಿಂಗ್ ಹಾಕಿ ವಾಪಸ್ ಕೊಡುತ್ತೇನೆ.

ಆಗಸ್ಟ್ 7. ಸಂಜೆ 5
ಸೊಸೆಯ ನರ್ಸ್ ಕೋಟಿನ ಅಂಚು ಮಡಚುತ್ತಿದ್ದೆ. ತುಟಿ ನಡುವೆ ಆರು ಪಿನ್ನು. ಮೊಮ್ಮಗಳು ಬಂದು ಕಟಿಂಗ್ ಮೇಜಿನ ಮೇಲೆ ಕೂತಳು. ನನ್ನ ಬಾಯನ್ನೇ ನೋಡಿದಳು.
"ಈಗ ಮಾತಾಡಕ್ಕಾಗಲ್ಲ ಅಲ್ವಾ?"
ಇಲ್ಲ ಅಂತ ತಲೆಯಾಡಿಸಿದೆ.
ಹೇಳಿದಳು. ಹಿಂದಿನ ಬೆಂಚಿನ ಮೂರು ಹುಡುಗಿಯರು. ದಿನ ಬಿಟ್ಟು ದಿನ ಒಂದು ಗುಂಡಿ. ಮನೆಯಲ್ಲಿ ಹೇಳಿದರೆ ಜಡೆ ಕತ್ತರಿಸುತ್ತಾರಂತೆ. "'ಗುಂಡಿ, ಗುಂಡಿ ಕೊಡು' ಅಂತಾರೆ. ಅವತ್ತು ಊಟದ ಡಬ್ಬಿ ತಂದು ಗೇಟಲ್ಲಿ ಗುಂಡೀ ಅಂತ ಕೂಗಿದ್ಯಲ್ಲ ತಾತ..."
ಕೂಗಿದ್ದೆ. ಮಕ್ಕಳೆಲ್ಲ ನಕ್ಕರು ಅಂತ ಇನ್ನೊಂದು ಸಲ ಕೂಗಿದ್ದೆ.
ಕೋಟಿನ ಕೆಲಸ ಮುಗಿದರೂ ಪಿನ್ನು ತೆಗೆಯಲಿಲ್ಲ. ಅವಳು ಪೂರ್ತಿ ಹೇಳಿದ ಮೇಲೆ ತೆಗೆದು ಒಂದೇ ಮಾತು ಕೇಳಿದೆ. "ಅಮ್ಮಂಗೆ ಹೇಳೋಣ್ವಾ?"
"ನೀನೂ ಪಕ್ಕದಲ್ಲಿರು."

ಆಗಸ್ಟ್ 8
ಹೇಳಿದಳು. ಹೆಸರಿನ ವಿಷಯ ನಾನೇ ಒಪ್ಪಿಕೊಂಡೆ. ಸೊಸೆ ಮಗಳನ್ನು ಹತ್ತಿರ ಕೂರಿಸಿಕೊಂಡಳು. "ಗುಂಡಿ ಯಾಕೆ ಬೀಳಿಸ್ಕೊಂಡೆ ಅಂತ ನಾನೂ ಇವಳನ್ನೇ ಬೈದೆ ಮಾವ." ಮಗಳ ಜಡೆ ಬಿಚ್ಚಿ ಮತ್ತೆ ಹೆಣೆದಳು. "ಸೋಮವಾರ ಶಾಲೆಗೆ ಹೋಗೋಣ. ಅಲ್ಲಿ ನೀವು ತಮಾಷೆ ಶುರು ಮಾಡಿದ್ರೆ?"
"ನನ್ನ ಬಾಯಿಗೆ ನೀನೇ ಹೊಲಿಗೆ ಹಾಕಮ್ಮ. ಆಸ್ಪತ್ರೇಲಿ ನಿಂಗೆ ಅಭ್ಯಾಸ ಇದೆ."
ಮೊಮ್ಮಗಳು ಫಕ್ಕನೆ ನಕ್ಕಳು. ವಾರದಲ್ಲಿ ಮೊದಲ ಸಲ.

ಆಗಸ್ಟ್ 11
ಹೆಡ್ ಮೇಡಂ: "ಮಕ್ಕಳಾಟ, ದೊಡ್ಡದು ಮಾಡ್ಬೇಡಿ."
ದಾರದ ತುದಿಗಳನ್ನು ಬಿಳಿ ಕಾಗದಕ್ಕೆ ಅಂಟಿಸಿ ಒಯ್ದಿದ್ದೆ. ಮುಂದಿಟ್ಟೆ. "ಇದು ಬ್ಲೇಡು ಮೇಡಂ. ಮುಂದಿಂದು ಜಡೆ ಅಂದಿದ್ದಾರೆ. ಹೆಸರಿಟ್ಟೋನು ನಾನು, ಎಷ್ಟು ಬೇಕಾದ್ರೂ ಬೈಯಿರಿ. ಆ ಮೂರು ಮನೆಯವರನ್ನ ಇವತ್ತೇ ಕರೆಸಿ. ಅಲ್ಲೀವರೆಗೂ ಇಲ್ಲೇ ಕೂತಿರ್ತೀವಿ."
ಸೊಸೆ ರಜೆ ಹಾಕಿಯೇ ಬಂದಿದ್ದಳು. ಹನ್ನೊಂದೂವರೆವರೆಗೆ ಕೂತೆವು. ಒಂದೂ ಜೋಕಿಲ್ಲ — ಗಂಟಲಲ್ಲಿ ಏಳೆಂಟು ಬಂದು ಹೋದವು. ಕರೆಸಿದರು.

ಆಗಸ್ಟ್ 20. ಸಂಜೆ
ಗುಂಡಿಗಳೆಲ್ಲ ಭದ್ರ. ಬೆಂಚು ಬದಲಾಯಿತು. ಒಬ್ಬಳು ಇನ್ನೂ ಮುಖ ತಿರುಗಿಸುತ್ತಾಳಂತೆ. ಅದನ್ನೂ ಬಂದು ನಮಗೆ ಹೇಳುತ್ತಾಳೆ, ಅಷ್ಟು ಸಾಕು. ಹಳೇ ಹೆಸರಿಗೆ ರಿಟೈರ್‌ಮೆಂಟ್.
ಐದು ಗಂಟೆಗೆ ದಿನಾ ಪಿನ್ನು ಕಚ್ಚಿ ಕೂರುತ್ತೇನೆ. ಕೆಲಸ ಇರಲಿ, ಇಲ್ಲದಿರಲಿ. ಇವತ್ತು ಇದನ್ನು ಬರೆಯುತ್ತಿರುವಾಗಲೇ ಬಂದಳು. ಶೂ ಬಿಚ್ಚದೆ ಮೇಜು ಹತ್ತಿದಳು. ಪಿನ್ನಿನ ಡಬ್ಬಿಗೆ ಕೈ ಹಾಕಿದೆ. ಡಬ್ಬಿಯನ್ನೇ ಎಳೆದುಕೊಂಡಳು.
"ಬೇಡ ಬಿಡು ತಾತ, ಹಾಗೇ ಕೇಳು. ಬರೆಯೋದನ್ನೂ ನಿಲ್ಸು. ಇವತ್ತು ಏನಾಯ್ತು ಅಂದ್ರೆ—"
ಪೆನ್ನು ಕೆಳಗೆ