ತೆಂಗಿನ ಸಸಿಯ ಜಾಗ

ತಿರುವನಂತಪುರ
13-2-2006

ಎಡಪ್ಪಳ್ಳಿಯಲ್ಲಿರುವ ಮೈದುನ ಶ್ರೀಪತಿಗೆ,

ಸಿಟ್ಟಿನಲ್ಲಿ ಬರೆಯುತ್ತಿದ್ದರೂ ಅತ್ತಿಗೆಯ ಆಶೀರ್ವಾದ ಇದ್ದೇ ಇದೆ.

ನಿನಗೆ ಇಲ್ಲಿಗೆ ವರ್ಗವಾಗಿ, ಅಮ್ಮ, ನಾವು, ಮಕ್ಕಳು ಎಲ್ಲರೂ ಒಂದೇ ಮನೆಯಲ್ಲಿರೋಣ, ಹಿಂದುಗಡೆ ಕೋಣೆಗಳನ್ನು ಕಟ್ಟಿಸೋಣ ಎಂದು ನೀನು ಹೇಳಿದಾಗ ನನಗೂ ಸಂತೋಷವಾಗಿತ್ತು. ಇವತ್ತು ಮೇಸ್ತ್ರಿ ಬಂದು, ನೀನು ಕಳಿಸಿದ ನಕ್ಷೆ ನೋಡಿಕೊಂಡು ಸುಣ್ಣದ ಗುರುತು ಹಾಕಿದ. ಆಮೇಲೆ, "ಚೇಚಿ, ಸೆಪ್ಟಿಕ್ ಟ್ಯಾಂಕ್ ಇಲ್ಲಿ ಬರುತ್ತೆ. ಈ ತೆಂಗಿನ ಸಸಿ ಕೀಳಲಾ?" ಎಂದು ಕೇಳಿದ.

ಅದು ನಿನ್ನ ಅಣ್ಣನನ್ನು ಸುಟ್ಟ ಜಾಗ. ಇಲ್ಲಿಯವರ ಹಾಗೆ ಹಿತ್ತಲಲ್ಲೇ ಸಂಸ್ಕಾರ ಮಾಡೋಣ, "ಅಣ್ಣ ಮನೆಯಲ್ಲೇ ಇರಲಿ" ಅಂದವನು ನೀನು. ಚಿತೆ ಉರಿದ ಕಡೆ ಸಸಿ ನೆಟ್ಟವನೂ ನೀನೇ. ಈಗ ಫೋನ್ ಮಾಡಿದರೆ, "ಅಸ್ಥಿ ನೀರಿಗೆ ಬಿಟ್ಟು ಬಂದಾಯ್ತಲ್ಲ ಅತ್ತಿಗೆ, ಅಲ್ಲೇನಿದೆ? ನಮ್ಮ ಕಡೆ ಈ ಪದ್ಧತಿಯೇ ಇಲ್ಲ" ಅನ್ನುತ್ತೀಯ. ಅವತ್ತು ಬೇಕಾಗಿದ್ದ ಪದ್ಧತಿ ಇವತ್ತು ಜಾಗ ಸಾಲದೆ ಬೇಡವಾಯಿತೆ?

ಮೇಸ್ತ್ರಿಯನ್ನು ವಾಪಸ್ ಕಳಿಸಿದ್ದೇನೆ. ಬಾವಿಯಿಂದ ದೂರ ಇರಬೇಕೆಂದರೆ ನಿನ್ನ ಕಾರಿಗೆಂದು ಬಿಟ್ಟ ಜಾಗವೂ ದೂರವೇ ಇದೆ. ಗುಂಡಿ ಅಲ್ಲಿ ತೆಗೆಸು. ಕಾರು ರಸ್ತೆಯಲ್ಲಿ ನಿಲ್ಲಲಿ.

ಆಗುವುದಿಲ್ಲವೆಂದರೆ ಭಾನುವಾರ ಬೆಳಿಗ್ಗೆ ನೀನೇ ಬಾ. ಅಮ್ಮ ದಿನವೂ ಅಕ್ಕಿ ತೊಳೆದ ನೀರನ್ನು ಆ ಸಸಿಗೆ ಹಾಕುತ್ತಾ, "ಏನೋ, ಇಷ್ಟೇನಾ ಬೆಳೆದದ್ದು?" ಎಂದು ಮಗನನ್ನು ಗದರುವ ಹಾಗೆಯೇ ಗದರುತ್ತಾರೆ. ಅಲ್ಲಿ ಏತಕ್ಕೆ ಅಗೆಸುತ್ತಿದ್ದೀಯ ಎಂದು ಅವರಿಗೆ ನೀನೇ ಹೇಳಬೇಕು. ನಾನು ಹೇಳುವುದಿಲ್ಲ.

ಇತಿ,
ನಿನ್ನ ಅತ್ತಿಗೆ
ವೇದವತಿ