ಹತ್ತು ಗಂಟೆಯ ಮನುಷ್ಯ

3 ಡಿಸೆಂಬರ್ 2003

ಬೆಳಿಗ್ಗೆ ಇವರನ್ನು ಏಳಿಸುವಷ್ಟರಲ್ಲಿ ಸಾಕುಸಾಕಾಯಿತು. ಮೈಯೆಲ್ಲ ಬಿಗಿ. ಬಾತ್‌ರೂಮ್ ಬಾಗಿಲಲ್ಲೇ ನಿಂತುಬಿಟ್ಟರು, ಕಾಲು ಕೀಳಲಾಗದೆ. ನನ್ನ ಪಾದ ಅಡ್ಡ ಇಟ್ಟು "ಇದನ್ನ ದಾಟಿ ರೀ" ಅಂದೆ. ದಾಟಿದರು. ಷೇವಿಂಗ್, ಸ್ನಾನ, ಅಂಗಿಯ ಗುಂಡಿ... ಎಲ್ಲ ನನ್ನ ಕೈಯಲ್ಲೇ. ಮುಖದಲ್ಲಿ ನಗುವಿಲ್ಲ, ಬಾಯಲ್ಲಿ ಮಾತಿಲ್ಲ. ತಿಂಡಿ ಆದ ಮೇಲೆ ಹಾಲಿನ ಜೊತೆ ಮಾತ್ರೆ. ಖಾಲಿ ಹೊಟ್ಟೆಗೆ ಔಷಧಿ ಹಾಕಬಾರದು, ನಮ್ಮಮ್ಮ ಕಲಿಸಿದ್ದು.

ಹತ್ತರ ಹೊತ್ತಿಗೆ ಕೈಕಾಲು ಸಡಿಲವಾಯಿತು. ಹತ್ತಕ್ಕೇ ಕಾಲಿಂಗ್ ಬೆಲ್. ಕೆಳಗಿನ ಮನೆಯ ಸುಗುಣಾ. ಬ್ಯಾಂಕಿನಿಂದ ರಿಟೈರ್ ಆಗಿ ಆಗಸ್ಟಿನಲ್ಲಿ ಬಂದವಳು. ಗಂಡ ಇಲ್ಲ. ಧಾರವಾಡದವಳು — ಇವರು ಹುಬ್ಬಳ್ಳಿ. ಈ ತಮಿಳು ಊರಿನಲ್ಲಿ ಅಷ್ಟು ಸಾಕಾಯಿತು.

"ಏನ್ರೀ ಕಮಲಾಕರ, ಇವತ್ತರ ನನ್ನ ಸೋಲಸ್ತೀರೇನು?" ಅನ್ನುತ್ತಾ ಕೇರಂ ಬೋರ್ಡ್ ಎಳೆದಳು.

ಇವರು ನಕ್ಕರು. ನಾನು ಬಟ್ಟೆ ಒಗೆಯಲು ಹೋದೆ.

11 ಡಿಸೆಂಬರ್

ಡಾಕ್ಟರ್ ಗಿರಿಧರ್ ಹತ್ತಿರ ಹೋಗಿದ್ದೆವು. ಕಳೆದ ವಾರ ಸುಗುಣಾ ಅಂದಿದ್ದಳು, "ಹಾಲಿನ ಜೋಡಿ ಮಾತ್ರಿ ಕೊಡೂದು ಸರಿ ಅಲ್ಲೇನೋ, ಜಲಜಾ ಅವರ. ನಮ್ಮ ಅಣ್ಣಗೂ ಇದ ಆಗಿತ್ತು. ಕೇಳ್ರಿ ಒಮ್ಮೆ." ನಾನು ಕೇಳಬಾರದು ಅಂತಲೇ ಇದ್ದೆ. ಇವರೇ ಕೇಳಿದರು.

ಡಾಕ್ಟರ್ ನಿಧಾನವಾಗಿ ಹೇಳಿದರು. ಮೆದುಳಿನಲ್ಲಿ ಕೈಕಾಲು ಆಡಿಸುವ ಡೋಪಮೀನ್ ಅನ್ನುವ ರಾಸಾಯನಿಕ ಕಡಿಮೆಯಾಗಿದೆ. ಅದನ್ನೇ ಕೊಟ್ಟರೆ ರಕ್ತದಿಂದ ಮೆದುಳಿನೊಳಗೆ ಹೋಗುವುದಿಲ್ಲ. ಮಾತ್ರೆಯಲ್ಲಿರುವ ಲೆವೊಡೋಪಾ ಹೋಗುತ್ತದೆ, ಹೋಗಿ ಅಲ್ಲಿ ಡೋಪಮೀನ್ ಆಗುತ್ತದೆ. ದಾರಿಯಲ್ಲೇ ಅದು ಖರ್ಚಾಗದಂತೆ ಕಾಯುವುದಕ್ಕೆ ಮಾತ್ರೆಯಲ್ಲಿ ಇನ್ನೊಂದು ಔಷಧಿ ಇದೆ. ಆದರೆ ಹಾಲು, ಬೇಳೆ, ಮೊಸರಿನ ಪ್ರೋಟೀನ್ ಕೂಡ ಅದೇ ಬಾಗಿಲಲ್ಲಿ ನುಗ್ಗುತ್ತದಂತೆ. "ಬಸ್ ಒಣ್ಣುದಾನ್ ಅಮ್ಮಾ, ಕೂಟಂ ಜಾಸ್ತಿ," ಅಂದರು. ಇರುವುದು ಒಂದೇ ಬಸ್ಸು, ಜನ ನುಗ್ಗಿದರೆ ಮಾತ್ರೆ ಸ್ಟಾಪಿನಲ್ಲೇ ಉಳಿಯುತ್ತದೆ.

ಇನ್ನು ಮೇಲೆ ನೀರಿನಲ್ಲಿ ಮಾತ್ರೆ, ಅರ್ಧ ಗಂಟೆ ಬಿಟ್ಟು ತಿಂಡಿ. ಬೇಳೆ, ಮೊಸರು ರಾತ್ರಿಗೆ.

ಇಷ್ಟು ದಿನ ನನ್ನ ಕೈಯಾರೆ ಇವರನ್ನು ಕಟ್ಟಿಹಾಕಿದ್ದೆ. ಅದಕ್ಕೆ ಅಳಬೇಕಿತ್ತು. ಅಳು ಬಂದದ್ದು ಅದಕ್ಕಲ್ಲ. ಕಂಡುಹಿಡಿದವಳು ಅವಳು.

20 ಡಿಸೆಂಬರ್

ನೀರಿನ ಮಾತ್ರೆ ಕೆಲಸ ಮಾಡುತ್ತಿದೆ. ಹತ್ತರಿಂದ ಹನ್ನೆರಡೂವರೆವರೆಗೆ ಹಳೆಯ ಕಮಲಾಕರ. ಇವತ್ತು ಮೆಟ್ಟಿಲಿಳಿದು ಅವಳ ಜೊತೆ ಪುರಸೈವಾಕ್ಕಂ ಹೈರೋಡಿಗೆ ಹೋಗಿಬಂದರು. ಹೊಸ ಸ್ಟ್ರೈಕರ್ ತಂದರು. ನಾನು ಆಗ ತರಕಾರಿ ಹೆಚ್ಚುತ್ತಿದ್ದೆ. ಬರ್ತೀಯಾ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಕುಕ್ಕರ್ ಇದೆ ಅನ್ನುತ್ತಿದ್ದೆ, ಅದು ಬೇರೆ ಮಾತು.

ಅವಳು ಊಟಕ್ಕೆ ಹೋದಳು. ಒಂದು ಗಂಟೆಗೆ ಇವರು ಚಮಚ ಎತ್ತಲಾರದೆ ಕೂತಿದ್ದರು. ತಿನ್ನಿಸಿದೆ. ಬಾಯಿ ಒರೆಸಿದೆ. ಸೋಫಾದಿಂದ ಎಬ್ಬಿಸಿದೆ, ಮಗ್ಗುಲು ಬದಲಿಸಿದೆ.

ಮಾತ್ರೆ ಹಿಡಿದಾಗ ಆನ್, ಇಳಿದಾಗ ಆಫ್ ಅನ್ನುತ್ತಾರೆ ಡಾಕ್ಟರ್. ಆನ್ ಆದ ಗಂಡ ಅವಳಿಗೆ, ಆಫ್ ಆದ ಗಂಡ ನನಗೆ.

2 ಜನವರಿ 2004

ಪೊಂಗಲ್ ದಿನ ಫ್ಲಾಟ್ಸಿನಲ್ಲಿ ಕೇರಂ ಡಬಲ್ಸ್. ಇವರೂ ಅವಳೂ ಪಾರ್ಟ್ನರ್ಸ್. ನನಗೆ ಗೊತ್ತಾದದ್ದು ವಾಚ್‌ಮನ್‌ನಿಂದ. ವಾಚ್‌ಮನ್‌ಗೆ ಗೊತ್ತು, ಹೆಂಡತಿಗೆ ಗೊತ್ತಿಲ್ಲ.

ಹಾಲ್‌ನಲ್ಲಿ ಇಬ್ಬರದೂ ಹುಬ್ಬಳ್ಳಿ-ಧಾರವಾಡದ ಮಾತು. "ಹಿಂಗ ಹೊಡೀಬ್ಯಾಡ್ರಿ... ಅಯ್ಯ, ಭಾಳ ಚಲೋ ಹೊಡದ್ರಿ ನೋಡ್ರಿ!" ಇವರು ಚಿಕ್ಕ ಹುಡುಗನ ಹಾಗೆ ಕೇಕೆ ಹಾಕುತ್ತಾರೆ. ನನ್ನ ಜೊತೆ ಮೂವತ್ತೆಂಟು ವರ್ಷ ಮೈಸೂರಿನ ಮಾತೇ ಆಡಿದರು. ಅಷ್ಟೂ ವರ್ಷ ನಾನು ಇವರನ್ನು ಪೂರ್ತಿ ನೋಡಿಯೇ ಇರಲಿಲ್ಲವೇನೋ ಅನ್ನಿಸಿತು. ಹೊಟ್ಟೆಕಿಚ್ಚು ಇದು. ಅರವತ್ತು ದಾಟಿದವಳಿಗೆ ಇದೆಲ್ಲ ಬೇಕೇ... ಬೇಕೋ ಬೇಡವೋ, ಇದೆ.

15 ಜನವರಿ, ಸಂಕ್ರಾಂತಿ. ಬೆಳಿಗ್ಗೆ

ಹುಗ್ಗಿ ಮಾಡಿದೆ. ಹೆಸರುಬೇಳೆ ಸ್ವಲ್ಪ ಕೈ ಬಿಟ್ಟು ಹಾಕಿದೆ. ಎಳ್ಳು-ಬೆಲ್ಲದಲ್ಲಿ ಕಡಲೆಕಾಯಿ ಜಾಸ್ತಿ. ಹಬ್ಬದ ದಿನ ಹುಗ್ಗಿ ಯಾಕೆ ಅಂತ ಯಾರು ಕೇಳುತ್ತಾರೆ? ಪಕ್ಕದಲ್ಲಿ ಕೂತು ನಾನೂ ತಿಂದೆ, ಇವರಿಗೂ ತಿನ್ನಿಸಿದೆ. ಎರಡನೇ ಸಲ ಬಡಿಸಿದೆ. ಆಮೇಲೆ ದೊಡ್ಡ ಲೋಟದ ತುಂಬ ಹಾಲು, ಜೊತೆಗೆ ಮಾತ್ರೆ. ಇವರು ಲೋಟ ನೋಡಿದರು. ನನ್ನನ್ನು ನೋಡಿದರು. ಕುಡಿದರು.

ಈಗ ಬಟ್ಟೆ ಬದಲಾಯಿಸಬೇಕು. ರೇಷ್ಮೆ ಪಂಚೆ.

ಸಾಯಂಕಾಲ

ಆಯಿತು. ನಾನು ಬಯಸಿದ್ದೇ ಆಯಿತು.

ಹತ್ತೂವರೆಗೆ ಕೆಳಗೆ ಕರೆದುಕೊಂಡು ಹೋದಾಗಲೇ ಹೆಜ್ಜೆ ಕಿರಿದಾಗುತ್ತಿತ್ತು. ಬೋರ್ಡಿನ ಮುಂದೆ ಕೂರಿಸಿದರು. ಇವರ ಸರದಿ ಬಂತು. ಬೆರಳು ಸ್ಟ್ರೈಕರ್ ಮೇಲೆ ಇಟ್ಟದ್ದು, ಅಲ್ಲೇ ಇತ್ತು. ನಡುಕ ಬೇರೆ ಶುರುವಾಗಿ ಸ್ಟ್ರೈಕರ್ ಟಕಟಕ ಅನ್ನುತ್ತಿತ್ತು. ಯಾರೋ "ಪಾವಂ", ಪಾಪ, ಅಂದರು. ಒಬ್ಬ ಹೆಂಗಸು ಮಗುವನ್ನು ಆಚೆ ಎಳೆದುಕೊಂಡಳು. ಇವರ ಬಾಯಿಂದ ಜೊಲ್ಲು ಇಳಿಯಿತು, ಒರೆಸಿಕೊಳ್ಳಲು ಕೈ ಏಳಲಿಲ್ಲ.

ನಾನು ಗುಂಪಿನ ಹಿಂದೆ ನಿಂತಿದ್ದೆ. ಮುಂದೆ ಹೋಗಲು ನನಗೇ ಕಾಲು ಬರಲಿಲ್ಲ. ಸುಗುಣಾ ತನ್ನ ಸೆರಗಿನಿಂದ ಒರೆಸಿದಳು. ಅವಳು ಒರೆಸಿದಳಲ್ಲ ಅಂತ ಆಗಲೂ ಉರಿಯಿತು. ಎಂಥ ಹೆಂಗಸು ನಾನು.

24 ಜನವರಿ

ಬರೆಯಲು ಮನಸ್ಸೇ ಬಂದಿರಲಿಲ್ಲ. ಸುಗುಣಾ ಅವತ್ತಿನಿಂದ ಬಂದಿಲ್ಲ. ಲಿಫ್ಟ್ ಹತ್ತಿರ ಸಿಕ್ಕಿ, "ನಾನ ಜುಲ್ಮಿ ಮಾಡಿ ಆಟಕ್ಕ ಕೂಡಿಸಿದೆ, ತಪ್ಪಾತು" ಅಂತ ಕಣ್ಣಲ್ಲಿ ನೀರು ಹಾಕಿಕೊಂಡಳು. ಪರವಾಗಿಲ್ಲ ಬಿಡಿ ಅಂದೆ!

ಇವತ್ತು ಡಾಕ್ಟರ್. ಸಂಕ್ರಾಂತಿ ದಿನದ್ದು ಕೇಳಿ ಯೋಚನೆಗೆ ಬಿದ್ದರು. ಡೋಸ್ ಸಾಲುತ್ತಿಲ್ಲ, ಏರಿಸೋಣ. ಏರಿಸಿದರೆ ಕತ್ತು, ಭುಜ ತಾವಾಗಿಯೇ ಹೊರಳಾಡುವುದು ಶುರುವಾಗಬಹುದು, ಇವರಿಗೆ ಆ ಲಕ್ಷಣ ಸ್ವಲ್ಪ ಈಗಾಗಲೇ ಇದೆ, ಆದರೆ ಬೇರೆ ದಾರಿಯಿಲ್ಲ ಅಂದರು. ಪೆನ್ನು ತೆಗೆದರು.

ಹೇಳಬೇಕು. ಈಗಲೇ ಹೇಳಬೇಕು. ಹೇಳಿದರೆ ಇವರಿಗೆ ಗೊತ್ತಾಗುತ್ತದೆ...

"ಡಾಕ್ಟರ್, ವೇಂಡಾಂ," ಅಂದರು ಇವರು. ದನಿ ಮೆತ್ತಗಿತ್ತು, ಡಾಕ್ಟರ್ ಬಗ್ಗಿ ಕೇಳಬೇಕಾಯಿತು. "ಅನ್ನಿಕ್ಕಿ ನಾನ್ ಪಾಲ್ ಕುಡಿಚ್ಚೇನ್. ಪೊಂಗಲ್ ವೇರೆ. ನಾನೇ ಕೇಟ್ಟೇನ್. ಅವ ಮೇಲೆ ತಪ್ಪಿಲ್ಲೆ."

ಏರಿಸುವುದು ಬೇಡವಂತೆ. ಅವತ್ತು ಹಾಲು, ಹುಗ್ಗಿ ಎಲ್ಲ ತಾನೇ ಕೇಳಿ ತೆಗೆದುಕೊಂಡದ್ದಂತೆ. ನನ್ನ ತಪ್ಪಲ್ಲವಂತೆ. ಡಾಕ್ಟರ್ ಬೈದರು, ನಕ್ಕರು, ಡೋಸ್ ಹಾಗೇ ಬಿಟ್ಟರು. ನಾನು ಟೇಬಲ್ ಮೇಲಿನ ಪ್ಲಾಸ್ಟಿಕ್ ಮೆದುಳನ್ನೇ ನೋಡುತ್ತಿದ್ದೆ.

ಆಟೋದಲ್ಲಿ ಕೇಳಿದೆ. "ಗೊತ್ತಿತ್ತಾ ನಿಮಗೆ?"

"ಹ್ಞೂ."

"ಮತ್ತೆ ಯಾಕ್ರೀ ಕುಡಿದ್ರಿ?"

ಎರಡು ಸಿಗ್ನಲ್ ದಾಟಿತು. ಮಾತು ಹೊರಡಿಸಲು ಒದ್ದಾಡುತ್ತಿದ್ದರು.

"ಅವತ್ತು ನೀನು ಪಕ್ಕದಲ್ಲಿ ಕೂತ್ಕೊಂಡು ತಿಂದೆ. ಯಾವಾಗ್ಲೂ ತಟ್ಟೆ ಇಟ್ಟು ಒಳಗೆ ಹೋಗ್ಬಿಡ್ತೀಯ... ಬೇಡ ಅಂದಿದ್ರೆ ನೀನು ಎದ್ದು ಹೋಗ್ತಿದ್ದೆ."

ಪಲ್ಲವನ್ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ನಿಂತಿತ್ತು. ಆ ಸದ್ದಿನಲ್ಲಿ ನಾನು ಅತ್ತದ್ದು ಆಟೋದವನಿಗೆ ಕೇಳಿಸಿರಲಿಕ್ಕಿಲ್ಲ.

26 ಜನವರಿ, ಹತ್ತೂಕಾಲು

ಬೆಳಿಗ್ಗೆ ನಾನೇ ಕೆಳಗೆ ಹೋಗಿ ಬೆಲ್ ಮಾಡಿದೆ. ಹಾಲು ಕೊಟ್ಟವಳು ನಾನು ಅಂತ ಹೇಳಿಬಿಟ್ಟೆ. "ನನಗ ಸಿಟ್ಟು ಬಂದದ ನೋಡ್ರಿ" ಅಂದಳು ಸುಗುಣಾ. ಬರಲಿ. ಆದರೂ ಮೇಲೆ ಬಂದಿದ್ದಾಳೆ.

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನೀರಿನಲ್ಲೇ ಮಾತ್ರೆ ಕೊಟ್ಟೆ. ಆನ್ ಆಗಿದ್ದಾರೆ. ಇಬ್ಬರೂ ನಗುತ್ತಿದ್ದಾರೆ. ಹೊಟ್ಟೆಯುರಿ ಹೋಗಿಲ್ಲ, ಹೋಗುತ್ತದೆಂದು ಸುಳ್ಳು ಹೇಳಲಾರೆ.

"ಜಲಜಾ, ಬಾ ಇಲ್ಲಿ."

ಕುಕ್ಕರ್ ಇಟ್ಟಿದೀನಿ ರೀ, ಅಂದೆ.

"ಆರಿಸು."

ನನಗೆ ಕೇರಂ ಬರಲ್ಲ ಅಂದೆ.

ಕುರ್ಚಿ ಎಳೆದ ಸದ್ದು. ಹೆಜ್ಜೆ, ಸಲೀಸಾಗಿ. ಇವರೇ ಎದ್ದು ಈ ಕಡೆ ಬರುತ್ತಿದ್ದಾ—