ಕಡವಿನ ಕಥೆ ಕೇಳಲು ಚಾಪೆ ತಂದವರು

ಸಾಸ್ತಾನ
೨೯ ಡಿಸೆಂಬರ್ ೨೦೦೮, ಸೋಮವಾರ

ಪ್ರೀತಿಯ ಮಗಳು ವಿನಯಾಳಿಗೆ,

ನಿನ್ನ ಕೆಮ್ಮು ಕಡಿಮೆಯಾಯಿತಾ? ಹಾಸ್ಟೆಲಿನ ತಣ್ಣೀರಲ್ಲಿ ತಲೆಗೆ ಮೀಯಬೇಡ ಅಂತ ನಿನ್ನಮ್ಮ ಬರೆಯಲು ಹೇಳಿದ್ದಾಳೆ. ಅವಳು ಸೌಖ್ಯ. ನಾನೂ ಸೌಖ್ಯ, ತಲೆ ಎತ್ತಿ ಪೇಟೆಗೆ ಹೋಗಲು ಆಗುತ್ತಿಲ್ಲ ಅನ್ನುವುದೊಂದು ಬಿಟ್ಟರೆ. ತ್ರಾಸಿಯ ಕಾರ್ಯಕ್ರಮ ಹೇಗಾಯಿತು ಅಂತ ನೀನು ಫೋನಿನಲ್ಲಿ ಕೇಳಿದಾಗ ಸಿಗ್ನಲ್ ಇಲ್ಲ ಅಂದೆನಲ್ಲ, ಸಿಗ್ನಲ್ ಇತ್ತು.

ದೀಪಾವಳಿಗೆ ಬಂದಾಗ ನೀನು ಕೊಟ್ಟುಹೋದ ‘ಹಿಂಬದಿ ಸೀಟು’ ತಂಡದ ಸಿ.ಡಿ.ಯನ್ನು ನಾನು ಮುಟ್ಟಿರಲಿಲ್ಲ. ಅಮೆರಿಕದ ಒಕ್ಕಲುಮಕ್ಕಳ ಹಾಡಿಗೆ ಕಂಟ್ರಿ ಅಂತಾರೆ, ಅದನ್ನು ಮೈಸೂರಿನ ನಾಲ್ವರು ಹುಡುಗರು ಮುರಿದು ತಮ್ಮ ಥರ ಕನ್ನಡದಲ್ಲಿ ಕಟ್ಟಿದ್ದಾರೆ ಅಂತ ನೀನು ಹೇಳಿದಾಗ ನಕ್ಕಿದ್ದೆ. ನಿನ್ನ ಹಾಸ್ಟೆಲ್ ಬಿಟ್ಟರೆ ಅವರ ಹೆಸರು ಯಾರಿಗೆ ಗೊತ್ತಿತ್ತು? ಆದರೂ ನೀನು ಹಠ ಹಿಡಿದು, ಸಮಿತಿಯವರಿಗೆ ಹೇಳಿಸಿ, ತ್ರಾಸಿ ಕಡಲತೀರದ ಸಂಗೀತ ಉತ್ಸವಕ್ಕೆ ಅವರನ್ನು ಕರೆಸಿದೆ. ಪ್ರಚಾರದ ಕೆಲಸ ನನ್ನ ರಿಕ್ಷಾಕ್ಕೆ ಬಂತು. ಆಗ ಸಿ.ಡಿ. ಹಾಕಿ ಕೇಳಿದೆ. ಬಾರ್ಕೂರಿನ ಸೇತುವೆ ಹತ್ತಿರ ರಿಕ್ಷಾ ನಿಲ್ಲಿಸಿ, ಜನರನ್ನು ಹೊಳೆ ದಾಟಿಸುವ ಕಡವಿನ ದೋಣಿಯವನ ಹಾಡನ್ನು ಮತ್ತೆ ಮತ್ತೆ ಕೇಳಿದೆ. ಸೇತುವೆ ಬಂದ ಮೇಲೂ ದಿನಾ ದೋಣಿ ತೊಳೆದಿಡುವ ಮುದುಕ. ದೋಣಿ ನಡೆಸುತ್ತಿದ್ದ ನಿನ್ನ ಅಜ್ಜಯ್ಯನನ್ನೇ ಕಂಡ ಹಾಗಾಯಿತು.

ಪ್ರೀತಿ ಹೆಚ್ಚಾದದ್ದೇ ತಪ್ಪಾಯಿತು ಮಗಾ. ಯಕ್ಷಗಾನ ಮೇಳಗಳ ಪ್ರಚಾರ ಮಾಡಿ ಪಳಗಿದ ನಾಲಗೆ ನನ್ನದು, ಮೈಕ್ ಹಿಡಿದರೆ ಬೇರೆ ಧಾಟಿ ಬರುವುದಿಲ್ಲ. “ಕಲಾಭಿಮಾನಿಗಳೇ, ಹಿಂಬದಿ ಸೀಟು ತಂಡದವರಿಂದ ಕಡವಿನ ದೋಣಿಯವನ ಕಥೆ” ಅಂತ ಬೈಂದೂರಿನಿಂದ ಬ್ರಹ್ಮಾವರದವರೆಗೆ ಕೂಗಿದೆ. ಜನ ಯಕ್ಷಗಾನದ ಆಟವೆಂದೇ ತಿಳಿದು ಚಾಪೆ, ಕಂಬಳಿ, ನೆಲಗಡಲೆ ಸಮೇತ ಬಂದರು. ಹುಡುಗರು ಗಿಟಾರ್ ಹಿಡಿದು ಹಾಡಿದ್ದೆಲ್ಲ ಆಟಕ್ಕೆ ಮುಂಚಿನ ಪೀಠಿಕೆ ಅಂದುಕೊಂಡು ಮಾತಾಡುತ್ತ ಕೂತರು. ಕೊನೆಯ ಹಾಡು ಮುಗಿದದ್ದೇ ನಮ್ಮ ಪಕ್ಕದ ಮನೆ ಸೀತು ಎದ್ದು, “ಹ್ವಾಯ್, ಪೀಠಿಕಿ ಸಾಕ್ ಮಾರಾಯ್ರೆ, ವೇಷ ಯಾವಾಗ ಬಪ್ದ್?” ಅಂದಳು. ಹಿಂದಿನಿಂದ ಅವಳ ಗಂಡ ಕುಷ್ಟ, “ಚಂಡೆಯವ್ನಿಗೆ ಬಸ್ಸ್ ತಪ್ತಾ ಎಂತ?” ಅಂದ. ಇಡೀ ಮರಳೇ ನಕ್ಕಿತು.

ಹಾಡುವ ಹುಡುಗ ಶ್ರೀಕರ ಕೆಳಗಿಳಿದು ನನ್ನ ಹತ್ತಿರ ಬಂದ. “ಅಂಕಲ್, ಅಷ್ಟು ಕೆಟ್ಟದಾಗಿ ಹಾಡಿದ್ವಾ?” ಅಂತ ಕೇಳಿದ. ತಪ್ಪು ನನ್ನ ಮೈಕಿನದು ಅನ್ನಬೇಕಿತ್ತು. “ನಮ್ಮೂರಿನವರಿಗೆ ಸಂಗೀತ ಎಲ್ಲಿ ತಿಳಿಯುತ್ತದೆ” ಅಂದುಬಿಟ್ಟೆ. ಚಾಪೆ ಸುತ್ತುತ್ತಿದ್ದ ಸೀತುವಿಗೆ ಅದು ಕೇಳಿಸಿತು. “ಹೌದಾ ಚಂದಯ್ಯ?” ಅಂದಳು, ಅಷ್ಟೇ. ಹುಡುಗರು ಊಟವನ್ನೂ ಮಾಡದೆ ಬಸ್ಸು ಹತ್ತಿದರು.

ಪರೀಕ್ಷೆ ಚೆನ್ನಾಗಿ ಬರಿ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನಗೆ ಒಳ್ಳೆಯದು ಮಾಡಲಿ.

ನಿನ್ನ ಅಪ್ಪಯ್ಯ,
ಚಂದಯ್ಯ

ಮತ್ತೆ ಬರೆಯುತ್ತಿದ್ದೇನೆ: ಲಕೋಟೆಗೆ ಅಂಟು ಹಚ್ಚುವಾಗ ಸೀತು ಬಂದಳು. ನನ್ನ ಮುಖ ನೋಡದೆ ನಿನ್ನಮ್ಮನನ್ನು ಕೇಳಿದಳು, “ಆ ದೋಣಿಯವ ಕಡಿಕೆ ಎಂತ ಆದ? ಅದನ್ನ್ ಹೇಳ್ದೆ ಹೋದ್ವಲೆ ಮಕ್ಳ್.” ಅವತ್ತು ಅವಳು ಹಾಡು ಕೇಳುತ್ತಲೇ ಇದ್ದಳು ಮಗಾ. ಸಿ.ಡಿ. ಹಾಕಿದ್ದೇನೆ, ಜಗಲಿಯಲ್ಲಿ ಕೂತಿದ್ದಾಳೆ. ಶ್ರೀಕರನ ನಂಬರ್ ಕಳಿಸು. ನನ್ನ ಪರವಾಗಿ ನೀನು ಏನೂ ಹೇಳಬೇಡ. ಸೀತುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಫೋನ್ ಮಾಡುತ್ತೇನೆ.